ಇಲ್ಲ ಎನ್ನಲು ಕಲಿತವಳು

ಹಲ್ಲಕ್ಕನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹುಟ್ಟುತ್ತಲೇ ಇರಲಿಲ್ಲ. ಹುಟ್ಟಿದರೂ ಗಂಟಲು ದಾಟುವಷ್ಟರಲ್ಲಿ ಅದು ‘ಆಯ್ತು ಬಿಡಿ’ ಆಗಿಬಿಡುತ್ತಿತ್ತು. ಓಣಿಯ ಜನಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯಾಕೆ ಊರಿಗೆ ಹೋಗುವಾಗಲೆಲ್ಲ ತನ್ನ ಬೆಕ್ಕನ್ನು ಇವಳ ಮನೆಗೆ ತಳ್ಳಿ ಹೋಗುತ್ತಿದ್ದಳು. ಒಮ್ಮೆ ಅದು ಇವಳ ಹಾಸಿಗೆಯ ಮೇಲೆಯೇ ಮರಿ ಹಾಕಿತು, ಮರಿಗಳು ಕಣ್ಣು ಬಿಡುವ ತನಕ ಇವಳು ನೆಲದ ಮೇಲೆ ಮಲಗಿದಳು. ಮಹಡಿಯವರ ಬಟ್ಟೆ ಇವಳ ಹಗ್ಗದ ಮೇಲೆ ಒಣಗುತ್ತಿತ್ತು, ಇವಳ ಬಟ್ಟೆ ಬಚ್ಚಲಲ್ಲಿ ಮುಗ್ಗುತ್ತಿತ್ತು.

ಅವಳ ಕಸುಬು ಕಟ್ಟಿಸಿಕೊಳ್ಳುವ ಹಲ್ಲು ಮಾಡುವುದು, ಆ ಹೆಸರು ಬಂದದ್ದೂ ಅದರಿಂದಲೇ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದೆ, ಹಿತ್ತಲ ಬಾಗಿಲಿಗೆ ಅಂಟಿಕೊಂಡ ಒಂದು ಸಣ್ಣ ಕೋಣೆ. ಅಲ್ಲಿ ಒಂದು ಮೇಜು, ಸ್ಪಿರಿಟ್ ದೀಪ, ಮೇಣ, ಪ್ಲಾಸ್ಟರ್ ಪುಡಿಯ ಡಬ್ಬ, ಬಿಳಿ ಹಳದಿಯ ಬೇರೆ ಬೇರೆ ಛಾಯೆಯ ಹಲ್ಲುಗಳ ಪೆಟ್ಟಿಗೆ. ಡಾಕ್ಟರು ಮುಂದಿನ ಕೋಣೆಯಲ್ಲಿ ರೋಗಿಯ ಬಾಯಿಯ ಅಳತೆ ತೆಗೆದು ಕಿಂಡಿಯಲ್ಲಿ ಇಡುತ್ತಿದ್ದರು. ಇವಳು ಅದಕ್ಕೆ ಪ್ಲಾಸ್ಟರ್ ಹೊಯ್ದು ಬಾಯಿಯ ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದಳು. ಯಾರ ಮುಖವನ್ನೂ ಅವಳು ನೋಡುತ್ತಿರಲಿಲ್ಲ, ಬಾಯಿಗಳನ್ನು ಮಾತ್ರ ಬಲ್ಲಳು. ಕೆಲಸದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಕಾಗದದ ದಪ್ಪದಷ್ಟು ವ್ಯತ್ಯಾಸ ಬಂದರೂ ಕೆರೆದು ಮತ್ತೆ ಮಾಡುವಳು. ಆ ಕಟ್ಟುನಿಟ್ಟು ಕೋಣೆಯ ಬಾಗಿಲ ತನಕ. ಹೊರಗೆ ಕಾಲಿಟ್ಟರೆ ಅವಳು ಯಾರು ಹೇಗೆ ಒತ್ತಿದರೂ ಒತ್ತಿಸಿಕೊಳ್ಳುವ ಮೇಣ.

ಅವಳಿಗೆ ಮದುವೆಯಾಗಿರಲಿಲ್ಲ. ಅಮ್ಮ ಬಿಟ್ಟು ಹೋದ ಮನೆಯಲ್ಲಿ ಒಬ್ಬಳೇ ಇದ್ದಳು. ಅಡುಗೆಮನೆ, ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲದ ಒಂದು ಕೋಣೆ, ಮತ್ತೆ ಬೀದಿಗೆ ಕಿಟಕಿ ಇರುವ ಮುಂದಿನ ಕೋಣೆ. ಮುಂದಿನದು ದೊಡ್ಡದು, ಬೆಳಕಿನದು, ಮತ್ತು ಅದರ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಅವಳ ಅಣ್ಣನಿಗೆ ಸಭೆ ಸಮಾರಂಭಗಳಿಗೆ ಕುರ್ಚಿ ಬಾಡಿಗೆ ಕೊಡುವ ವ್ಯಾಪಾರ. “ಒಂದು ವಾರ ಇಟ್ಟಿರ್ತೀನಿ ಕಣೆ” ಎಂದು ತಂದವನು ಇಟ್ಟೇ ಬಿಟ್ಟಿದ್ದ. ಆ ವಾರಕ್ಕೆ ವರ್ಷಗಳೇ ಆಗಿದ್ದವು. ಒಂದರೊಳಗೊಂದು ಕೂತ ಕುರ್ಚಿಗಳ ಗೋಪುರಗಳು ಕಿಟಕಿಯನ್ನೂ ನುಂಗಿ ನಿಂತಿದ್ದವು.

ಅವಳಿಗೊಬ್ಬಳು ತಂಗಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ದೊಡ್ಡವಳಾದ ಮೇಲೂ ಪುಟ್ಟಿ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯೊಂದರಲ್ಲಿ ಕೆಲಸ. ಗಂಡ ಲಾರಿ ಡ್ರೈವರು. ಲಾರಿ ಊರಲ್ಲಿಲ್ಲದಾಗ ಪುಟ್ಟಿಯ ಮುಖ ತಿಳಿಯಾಗಿರುತ್ತಿತ್ತು, ಲಾರಿ ಮನೆಯ ಮುಂದೆ ನಿಂತ ದಿನಗಳಲ್ಲಿ ಅವಳು ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ಒಂದು ಸಂಜೆ ಅವಳು ಅಕ್ಕನ ಮನೆಯ ಹೊಸ್ತಿಲಲ್ಲಿ ಕೂತು ಕುರ್ಚಿಗಳನ್ನೇ ನೋಡುತ್ತ ಹೇಳಿದಳು.

“ಈ ರೂಮು ಖಾಲಿ ಇದ್ದಿದ್ರೆ ನಾನೂ ಮಗೂನೂ ಬಂದುಬಿಡ್ತಿದ್ವಿ ಅಕ್ಕ.”

“ಅಣ್ಣಂಗೆ ಹೇಳ್ತೀನಿ” ಎಂದಳು ಹಲ್ಲಕ್ಕ.

“ನೀನು?” ಎಂದು ಪುಟ್ಟಿ ನಕ್ಕಳು. “ನೀನು ಹೇಳೋಕೆ ಹೋದ್ರೆ ಇನ್ನೊಂದು ಲೋಡು ಇಳಿಸಿ ಬರ್ತಾನೆ.”

ನಗು ಹಲ್ಲಕ್ಕನಿಗೂ ಬಂತು. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕೂತುಬಿಟ್ಟಿತು. ಅದೇ ವಾರ ಲೈಬ್ರರಿಯ ಬಾಗಿಲಲ್ಲಿ ಅವಳು ಒಂದು ಹಾಳೆ ನೋಡಿದಳು: ನಡವಳಿಕೆಯ ಮನಶ್ಶಾಸ್ತ್ರ, ದಿನಬಳಕೆಗೆ, ಭಾನುವಾರ ಸಂಜೆ, ಮಹಡಿಯ ಹಾಲಿನಲ್ಲಿ. ಅಣ್ಣನಿಗೆ ಒಂದು ಮಾತು ಹೇಳಲಿಕ್ಕೆ ಶಾಸ್ತ್ರವನ್ನೇ ಕಲಿಯಬೇಕೆಂದು ಹೊರಟವಳು ಬಹುಶಃ ಅವಳೊಬ್ಬಳೇ.

ಪಾಠ ಮಾಡುತ್ತಿದ್ದವರು ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರು. ಹಿಂದೊಮ್ಮೆ ಪ್ರಯೋಗಕ್ಕೆಂದು ಪಾರಿವಾಳಗಳಿಗೆ, ಕಾಳು ಬೇಕಾದರೆ ಕೊಕ್ಕಿನಿಂದ ಬಟನ್ ಕುಟ್ಟುವುದನ್ನು ಕಲಿಸಿದವರು, ಮನುಷ್ಯರನ್ನೂ ಅದೇ ತಾಳ್ಮೆಯಿಂದ ನೋಡುತ್ತಿದ್ದರು. “ಸ್ವಭಾವ ಅಂತ ಅಳಬೇಡಿ. ಯಾವ ಕೆಲಸದ ಹಿಂದೆ ಹಿತ ಸಿಗುತ್ತದೋ ಆ ಕೆಲಸ ಹೆಚ್ಚುತ್ತೆ. ಏನೂ ಸಿಗದೇ ಹೋದರೆ ನಿಧಾನಕ್ಕೆ ನಿಂತುಹೋಗುತ್ತೆ. ಪಾರಿವಾಳಕ್ಕೂ ಅಷ್ಟೆ, ನಿಮಗೂ ಅಷ್ಟೆ” ಎಂದರು. ಸಿಗರೇಟು ಬಿಡಲು ಬಂದಿದ್ದ ಕ್ಷೌರಿಕನೊಬ್ಬ, “ನಮ್ಮನೆಯವಳಿಗೂ ಅಷ್ಟೇನಾ ಸಾರ್?” ಎಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗದೆ, “ಅಷ್ಟೇ. ಆದರೆ ಪ್ರಯೋಗ ನಿಮ್ಮ ಮೇಲೆ ಮಾಡ್ಕೊಳ್ಳಿ” ಎಂದರು.

ಹಲ್ಲಕ್ಕನ ಸಮಸ್ಯೆ ಕೇಳಿ ಅವರು ಬೋರ್ಡಿನ ಮೇಲೆ ಏಣಿಯೊಂದನ್ನು ಬರೆದರು. ತುದಿಯಲ್ಲಿ ಅಣ್ಣ. ನೇರವಾಗಿ ತುದಿಗೆ ಹಾರಿದರೆ ಬೀಳುತ್ತೀರಿ. ಯಾರಿಗೆ ಇಲ್ಲ ಎನ್ನಲು ನಿಮಗೆ ಎಲ್ಲಕ್ಕಿಂತ ಕಡಿಮೆ ಭಯವೋ ಅವರಿಂದ ಶುರು ಮಾಡಿ. ಪ್ರತಿ ‘ಇಲ್ಲ’ದ ಹಿಂದೆಯೇ, ತಡಮಾಡದೆ, ನಿಮಗೆ ನೀವೇ ಒಂದು ಹಿತ ಕೊಟ್ಟುಕೊಳ್ಳಿ. ಕೆಳಗಿನ ಮೆಟ್ಟಿಲು ಗಟ್ಟಿಯಾದ ಮೇಲೆ ಮೇಲಿನದು. ಶಾಸ್ತ್ರ ಸರಿಯಾಗಿಯೇ ಇತ್ತು. ಹಲ್ಲಕ್ಕನಿಗೂ ಅದು ಕೂಡಲೇ ಅರ್ಥವಾಯಿತು, ಏಕೆಂದರೆ ಅವಳೂ ಮೇಣದಲ್ಲಿ ಹಾಗೆಯೇ ಪದರದ ಮೇಲೆ ಪದರ ಕಟ್ಟುವವಳು. ಎಲ್ಲಕ್ಕಿಂತ ಕಡಿಮೆ ಭಯ ಯಾರದು ಎಂದು ಯೋಚಿಸಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ.

“ನನ್ನ ಮೇಲೇ ಶುರು ಮಾಡಕ್ಕ” ಎಂದು ಪುಟ್ಟಿಯೇ ಹೇಳಿದಳು. “ನಾನು ಕೇಳ್ತೀನಿ, ನೀನು ಇಲ್ಲ ಅನ್ನು. ರೂಮು ನಮಗೇ ತಾನೆ?”

ಹಿತಕ್ಕೆ ಹಲ್ಲಕ್ಕ ಪೆಪ್ಪರ್‌ಮಿಂಟ್ ಆರಿಸಿದ್ದಳು. ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಪೊಟ್ಟಣ. ಡಾಕ್ಟರು ನೋಡಿ, “ಹಲ್ಲು ಮಾಡೋರೇ ಹಲ್ಲು ಹಾಳು ಮಾಡ್ಕೊಂಡ್ರೆ ಹೇಗೆ ಹಲ್ಲಕ್ಕ? ನಮಗೆ ಗಿರಾಕಿ ಕಡಿಮೆ ಅಂತಾನಾ?” ಎಂದರು. 

ಮೊದಲ ದಿನ ಅಕ್ಕ ತಂಗಿ ಅಡುಗೆಮನೆಯಲ್ಲಿ ಎದುರೆದುರು ಕೂತರು.

“ಅಕ್ಕ, ನಿನ್ನ ಛತ್ರಿ ಕೊಡ್ತೀಯಾ?”

“ಅದು... ಯಾಕೆ, ಮಳೆ ಬರೋ ಹಾಗಿದೆಯಾ?”

“ನೋಡು, ಕಾರಣ ಕೇಳ್ತಿದೀಯ. ಕಾರಣ ಕೇಳಿದ್ರೆ ಸೋತೆ ಅಂತ ಲೆಕ್ಕ. ಇನ್ನೊಂದ್ಸಲ. ಛತ್ರಿ ಕೊಡ್ತೀಯಾ?”

“ಇಲ್ಲ... ಪುಟ್ಟಿ.”

“ಪುಟ್ಟಿ ಅಂತ ಕರಗಬೇಡ. ಅಣ್ಣಂಗೆ ಪುಟ್ಟಾ ಅಂತೀಯಾ? ಬರೀ ಇಲ್ಲ ಅನ್ನು.”

“ಇಲ್ಲ.”

“ಆಹಾ, ಬಾಯಿ ತೆಗಿ” ಎಂದು ಪುಟ್ಟಿ ತನ್ನ ಕೈಯಾರೆ ಪೆಪ್ಪರ್‌ಮಿಂಟನ್ನು ಅಕ್ಕನ ನಾಲಿಗೆಯ ಮೇಲಿಟ್ಟಳು. ಪಕ್ಕದಲ್ಲಿ ಕೂತಿದ್ದ ಪುಟ್ಟಿಯ ಮಗಳು ಕಿಲಕಿಲ ನಕ್ಕಳು. ಹೊರಡುವಾಗ ನಿಜಕ್ಕೂ ಹನಿ ಶುರುವಾಗಿತ್ತು, ಹಲ್ಲಕ್ಕ ಓಡಿ ಹೋಗಿ ಛತ್ರಿ ಕೊಟ್ಟಳು.

ಮುಂದಿನ ಭಾನುವಾರ ಮೇಷ್ಟ್ರು ಇದನ್ನು ಕೇಳಿ ತಲೆಯಾಡಿಸಿದರು. “ಇಲ್ಲ ಅಂದ ಮೇಲೆ ಕೊಟ್ಟುಬಿಟ್ರಾ? ಹಾಗಾದ್ರೆ ನೀವು ಕಲೀತಿರೋದು ಇಲ್ಲ ಅನ್ನೋದನ್ನಲ್ಲಮ್ಮ, ಇಲ್ಲ ಅಂದು ಕೊಡೋದನ್ನ. ಅಚ್ಚು ಒಣಗೋ ಮುಂಚೆ ಅಲ್ಲಾಡಿಸಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ.”

ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತಿನಿಂದ ‘ಇಲ್ಲ’ ಎಂದರೆ ಇಲ್ಲ.

ಪುಟ್ಟಿಗೆ ಭಾನುವಾರವೂ ಲಾಂಡ್ರಿಯಲ್ಲಿ ಹೆಚ್ಚಿನ ಕೆಲಸ ಬಿತ್ತು. ಮಗುವನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿದಳು. ಹಲ್ಲಕ್ಕ ಇಲ್ಲ ಎಂದಳು. ಪುಟ್ಟಿ ಒಂದು ಗಳಿಗೆ ಕಾದಳು, ಆಮೇಲೆ, “ಚೆನ್ನಾಗಿ ಹೇಳ್ದೆ ಕಣಕ್ಕ, ದನಿ ನಡುಗಲೇ ಇಲ್ಲ” ಎಂದು ಮಗಳ ಕೈ ಹಿಡಿದು ಲಾಂಡ್ರಿಗೇ ಹೊರಟಳು. ಮುಂದೆ ಅವರು ಬಂದಾಗ ಮಗುವಿನ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಸುಟ್ಟ ಗಾಯವಿತ್ತು. “ಸಣ್ಣದು ಬಿಡು. ಅವಳೇ ಹತ್ರ ಬಂದ್ಲು” ಎಂದಳು ಪುಟ್ಟಿ. ಹಲ್ಲಕ್ಕ ಗಾಯಕ್ಕೆ ಎಣ್ಣೆ ಹಚ್ಚಿದಳು. ಹಚ್ಚುವಾಗ ಅತ್ತಳು ಕೂಡ. ಆದರೆ ಆ ಭಾನುವಾರ ಇಲ್ಲ ಎಂದ ಮರುಗಳಿಗೆ ಬಾಯಿಗೆ ಬಿದ್ದ ಪೆಪ್ಪರ್‌ಮಿಂಟು ತನ್ನ ಕೆಲಸವನ್ನು ಆಗಲೇ ಮುಗಿಸಿತ್ತು. ಹಿತ ತಕ್ಷಣ ಬಂದಿತ್ತು, ಗಾಯ ತಡವಾಗಿ ಬಂತು. ದೇಹ ಕಲಿಯುವುದು ಮೊದಲು ಬಂದದ್ದರಿಂದ.

ಎರಡನೆಯ ಮೆಟ್ಟಿಲು ಬೆಕ್ಕಿನಾಕೆ. ಆಕೆ ಬುಟ್ಟಿ ಹಿಡಿದು ಬಂದಾಗ ಹಲ್ಲಕ್ಕ ಎದೆ ಗಟ್ಟಿ ಮಾಡಿಕೊಂಡು ಬಾಗಿಲಿಗೆ ಹೋದಳು. “ನಾಳೆ ಸಂಜೆ ಬಂದುಬಿಡ್ತೀನಿ, ಪಾಪ ನಿಮ್ಮನ್ನ ಬಿಟ್ರೆ ಯಾರ ಹತ್ರಾನೂ ಹೋಗಲ್ಲ ಇದು” ಎಂದಳು ಆಕೆ. ಬುಟ್ಟಿ ಒಳಗೆ ಬಂತು. ಅವತ್ತಿನ ಸೋಲಿನ ಮೇಲೆ ಹಲ್ಲಕ್ಕ ತಾನೇ ತೀರ್ಮಾನ ಮಾಡಿಕೊಂಡಳು: ಕೆಳಗಿನ ಮೆಟ್ಟಿಲು ಇನ್ನೂ ಗಟ್ಟಿಯಾಗಿಲ್ಲ. ಅದನ್ನೇ ಇನ್ನಷ್ಟು ಗಟ್ಟಿ ಮಾಡಬೇಕು.

ಹೀಗೆ ಗಟ್ಟಿ ಮಾಡುತ್ತ ಹೋದಳು. ಪುಟ್ಟಿ ಹೊಲಿಗೆ ಸೂಜಿ ಕೇಳಿದರೂ ಇಲ್ಲ, ಮಗುವಿನ ಶಾಲೆಗೆ ಒಂದು ಸಲ ಹೋಗಿ ಬರುತ್ತೀಯಾ ಎಂದರೂ ಇಲ್ಲ, ಜ್ವರ ಬಂದಿದೆ ಸ್ವಲ್ಪ ಗಂಜಿ ಕಾಯಿಸಿ ಕೊಡುತ್ತೀಯಾ ಎಂದರೂ ಇಲ್ಲ. ಭಾನುವಾರದ ತರಗತಿಯಲ್ಲಿ ಮೇಷ್ಟ್ರು ಪ್ರತಿಯೊಬ್ಬರನ್ನೂ ಈ ವಾರ ಎಷ್ಟು ಸಲ ಗೆದ್ದಿರಿ ಎಂದು ಕೇಳುತ್ತಿದ್ದರು. ಹಲ್ಲಕ್ಕನ ಉತ್ತರ ವಾರದಿಂದ ವಾರಕ್ಕೆ ಏರುತ್ತಿತ್ತು. ಕ್ಷೌರಿಕ, “ಅಬ್ಬಾ, ನಿಮ್ಮ ಹತ್ರ ಬೆಂಕಿಪೆಟ್ಟಿಗೆ ಕೇಳೋಕೂ ಭಯ ಈಗ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಒಳ್ಳೆಯ ಮನುಷ್ಯ, ಅಳತೆಯಲ್ಲಿ ನಂಬಿಕೆಯುಳ್ಳವರು. ಅವರು ಅಳೆದದ್ದು ಎಷ್ಟು ‘ಇಲ್ಲ’ ಎಂಬುದನ್ನು. ಯಾರಿಗೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಅತ್ತ ಪುಟ್ಟಿ ಕೇಳುವುದು ಕಡಿಮೆಯಾಗುತ್ತ ಬಂತು. ಬರುತ್ತಿದ್ದಳು, ಹೊಸ್ತಿಲಲ್ಲಿ ಕೂರುತ್ತಿದ್ದಳು, ಹೋಗುತ್ತಿದ್ದಳು. ಅಭ್ಯಾಸಕ್ಕೆ ಸರಕಿಲ್ಲದೆ ಹಲ್ಲಕ್ಕನಿಗೆ ಚಡಪಡಿಕೆ.

“ಏನಾದ್ರೂ ಕೇಳೇ” ಎಂದಳು ಒಂದು ದಿನ.

“ಏನೂ ಬೇಡ ಅಕ್ಕ.”

“ಹೀಗಂದ್ರೆ ನಾನು ಅಣ್ಣನ ತನಕ ಹೋಗೋದು ಯಾವಾಗ?”

ಪುಟ್ಟಿ ಕುರ್ಚಿಗಳ ಕಡೆ ನೋಡಿದಳು. “ಸರಿ. ನೀರು ಕೊಡ್ತೀಯಾ?” ಎಂದಳು.

“ಇಲ್ಲ” ಎಂದು ಹಲ್ಲಕ್ಕ ಜೇಬಿಗೆ ಕೈ ಹಾಕಿದಳು. ಪುಟ್ಟಿ ತಾನೇ ಎದ್ದು ಹೋಗಿ ಕುಡಿಯಲಿಲ್ಲ. ಬಾಯಾರಿಕೆ ಇದ್ದರೂ ಇರಬಹುದು, ಹಾಗೆಯೇ ಹೊರಟುಹೋದಳು.

ಒಂದು ಮಧ್ಯಾಹ್ನ ಹಲ್ಲಕ್ಕ ಮೇಜಿನ ಮೇಲೆ ಬಾಗಿ ಮುದುಕರೊಬ್ಬರ ಕೆಳದವಡೆಗೆ ಹಲ್ಲು ಕೂರಿಸುತ್ತಿದ್ದಳು. ಎಡಗೈಯಲ್ಲಿ ಅಚ್ಚು, ಬಲಗೈಯಲ್ಲಿ ದೀಪಕ್ಕೆ ಹಿಡಿದು ಕಾಯಿಸಿದ ಮೇಣದ ಚಾಕು. ಮೇಣ ಆರುವ ಮೊದಲು ಹಲ್ಲಿನ ಓರೆ ಸರಿಪಡಿಸಬೇಕು, ಆ ಹೊತ್ತಿನಲ್ಲಿ ಅವಳು ಉಸಿರನ್ನೂ ಹಿಡಿದಿರುತ್ತಾಳೆ. ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ಪುಟ್ಟಿ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಮಗಳು. ಹೆಗಲ ಮೇಲೆ ಸೆರಗು ಎಳೆದು ಹೊದ್ದಿದ್ದಳು.

“ಅಕ್ಕ, ಇವತ್ತೊಂದಿನ ನಿನ್ನ ಮನೇಲಿ ಇರ್ಲಾ?”

“ಇಲ್ಲ” ಎಂದಳು ಹಲ್ಲಕ್ಕ. “ಆಗಲ್ಲ.”

ದನಿ ನಡುಗಲಿಲ್ಲ. ಕಾರಣ ಕೇಳಲಿಲ್ಲ. ತಲೆ ಎತ್ತಲೂ ಇಲ್ಲ. ಮೇಷ್ಟ್ರು ಕೇಳಿದ್ದರೆ ಮೆಚ್ಚುತ್ತಿದ್ದರು, ಅಷ್ಟು ಸಲೀಸಾಗಿ ಬಂತು. ಅವಳ ಕೈ ಚಾಕು ಇಟ್ಟು, ತಾನಾಗಿಯೇ ಜೇಬಿಗೆ ಇಳಿದು, ಪೆಪ್ಪರ್‌ಮಿಂಟನ್ನು ಬಾಯಿಗೆ ತಂದಿತು. ಅದರ ತಣ್ಣನೆಯ ರುಚಿ ನಾಲಿಗೆಗೆ ತಾಕಿದಾಗಲೇ ಕೇಳಿದ್ದು ಏನು ಎಂಬುದು ಅವಳ ತಲೆಗೆ ಹೋದದ್ದು.

“ಸರಿ ಅಕ್ಕ” ಎಂದು ಪುಟ್ಟಿ ಆಗಲೇ ತಿರುಗಿದ್ದಳು.

ಹಲ್ಲಕ್ಕ ಎದ್ದಳು. ಕಿಂಡಿಯಿಂದ ಡಾಕ್ಟರು, “ಹಲ್ಲಕ್ಕ, ಅಜ್ಜ ಕುರ್ಚಿ ಮೇಲೆ ಬಾಯಿ ತಕ್ಕೊಂಡು ಕಾಯ್ತಿದಾರೆ” ಎಂದರು. ಡಾಕ್ಟರು ಏಣಿಯಲ್ಲಿ ತುಂಬ ಮೇಲಿದ್ದವರು. “ಆಯ್ತು ಸಾರ್, ಬಂದೆ” ಎಂದು ಅವಳು ಮತ್ತೆ ಕೂತಳು.

ಸಂಜೆ ಕೆಲಸ ಮುಗಿಸಿ ತಂಗಿಯ ಮನೆಗೆ ಓಡಿದಳು. ಲಾರಿ ಬಾಗಿಲಲ್ಲೇ ನಿಂತಿತ್ತು. ಪುಟ್ಟಿ ಕದವನ್ನು ಮುಖದಷ್ಟು ಅಗಲ ಮಾತ್ರ ತೆರೆದಳು. ಒಳಗೆ ಗಂಡಸಿನ ಕೆಮ್ಮು ಕೇಳುತ್ತಿತ್ತು.

“ಬಾ ಪುಟ್ಟಿ, ಹೋಗೋಣ. ಮಂಚದ ಮೇಲೆ ನೀವಿಬ್ರೂ ಮಲಗಿ, ನಾನು ಅಡುಗೆಮನೇಲಿ...”

“ಬೇಡ ಅಕ್ಕ. ಹೋಗು.”

“ಅದು ನನಗೆ ಗೊತ್ತಾಗದೆ ಬಾಯಿಂದ...”

“ಗೊತ್ತು. ನಾನೇ ಕಲಿಸಿದ್ದಲ್ವಾ?” ಎಂದು ಪುಟ್ಟಿ ಕದ ಹಾಕಿದಳು.

ಹಲ್ಲಕ್ಕ ಬಡಿಯಲು ಕೈ ಎತ್ತಿದಳು. ಒಳಗಿನ ಕೆಮ್ಮು ಹತ್ತಿರ ಬಂತು. ಅವಳು ಮೆಟ್ಟಿಲಿಳಿದು ಮನೆಗೆ ಬಂದಳು.

ಕೆಲವು ದಿನ ಕಳೆದ ಮೇಲೆ ಕಿಂಡಿಯಲ್ಲಿ ಒಂದು ಅಳತೆ ಬಂತು. ಜೊತೆಗಿದ್ದ ಚೀಟಿಯಲ್ಲಿ ಇಷ್ಟೇ: ಮೇಲಿನ ಮುಂದಿನ ಹಲ್ಲು, ಒಂದು, ಎಡಗಡೆ. ಹಲ್ಲಕ್ಕ ಪ್ಲಾಸ್ಟರ್ ಕಲಸಿ, ಗುಳ್ಳೆ ಬಾರದಂತೆ ತಟ್ಟುತ್ತ ಹೊಯ್ದಳು. ಗಟ್ಟಿಯಾದ ಮೇಲೆ ಬಿಡಿಸಿ, ಅಂಚು ಕೆರೆದು, ಬೆಳಕಿಗೆ ಹಿಡಿದಳು. ಮುರಿದ ಹಲ್ಲಿನ ಜಾಗ ತಾಜಾ. ಬಲಗಡೆಯ ಕೋರೆಹಲ್ಲು ತನ್ನ ಪಕ್ಕದ ಹಲ್ಲಿನ ಮೇಲೆ ಹತ್ತಿ, ತುಸು ಓರೆಯಾಗಿ ಕೂತಿತ್ತು.

ಆ ಓರೆ ಅವಳ ಅಮ್ಮನ ಬಾಯಲ್ಲಿತ್ತು. ಅವಳ ಸ್ವಂತ ಬಾಯಲ್ಲಿ ಇದೆ. ನಾಲಿಗೆ ತಾನಾಗಿಯೇ ಹೋಗಿ ತನ್ನ ಕೋರೆಹಲ್ಲನ್ನು ಮುಟ್ಟಿತು. ಮೇಜಿನ ಮೇಲೆ ಬಿಳಿಯ ಪ್ಲಾಸ್ಟರಿನಲ್ಲಿ ಬಾಯಿ ತೆರೆದು ಕೂತಿದ್ದವಳು ಪುಟ್ಟಿ.

“ಸಾರ್, ಇವರು ಬಂದಿದ್ದು ಯಾವಾಗ?” ಎಂದು ಕಿಂಡಿಯಲ್ಲಿ ಕೇಳಿದಳು.

“ಈಗ್ಲೇ ಹೋದ್ರು. ಬಚ್ಚಲಲ್ಲಿ ಜಾರಿ ಬಿದ್ರಂತೆ. ಯಾಕೆ, ಅಳತೆ ಸರಿ ಬಂದಿಲ್ವಾ?” ಎಂದರು ಡಾಕ್ಟರು. ಅವರು ಪುಟ್ಟಿಯನ್ನು ಎಂದೂ ನೋಡಿದವರಲ್ಲ. ಅವಳು ಯಾವಾಗಲೂ ಹಿತ್ತಲ ಬಾಗಿಲಿಂದ ಬರುತ್ತಿದ್ದವಳು, ಇವತ್ತು ಮುಂದಿನ ಬಾಗಿಲಿಂದ, ಸರದಿಯಲ್ಲಿ ಕೂತು, ರೋಗಿಯಾಗಿ ಬಂದು ಹೋಗಿದ್ದಳು. ಗೋಡೆಯ ಆಚೆ ಅಕ್ಕ ಇದ್ದಾಳೆಂದು ಗೊತ್ತಿದ್ದೂ ಏನನ್ನೂ ಕೇಳಿರಲಿಲ್ಲ.

“ಸರಿ ಬಂದಿದೆ ಸಾರ್” ಎಂದಳು ಹಲ್ಲಕ್ಕ. ಆ ಹಲ್ಲನ್ನು ಅವಳು ಮಾಡಿದಳು. ಬಣ್ಣ ಹೊಂದಿಸಲು ತನ್ನ ಹಲ್ಲನ್ನೇ ಕನ್ನಡಿಯಲ್ಲಿ ನೋಡಿಕೊಂಡಳು. ಆಮೇಲೆ ಏಪ್ರನ್ ಬಿಚ್ಚಿ, ಏಣಿಯ ನಡುವಿನ ಮೆಟ್ಟಿಲುಗಳನ್ನೆಲ್ಲ ಬಿಟ್ಟು, ನೇರ ಅಣ್ಣನ ಅಂಗಡಿಗೆ ನಡೆದಳು.

ದಾರಿಯುದ್ದಕ್ಕೂ ಮೇಷ್ಟ್ರು ಹೇಳಿದ್ದು ತಲೆಯಲ್ಲಿತ್ತು: ಅಭ್ಯಾಸವಾದ ‘ಆಯ್ತು’ ಸಿಗದೇ ಹೋದಾಗ ಎದುರಿನವರು ಮೊದಲು ಹೆಚ್ಚು ಕೂಗಾಡುತ್ತಾರೆ, ಆಗ ಬಗ್ಗಿದರೆ ಕೂಗಾಡುವುದನ್ನೇ ಕಲಿಸಿದ ಹಾಗೆ. ಅವಳು ಕೂಗಿಗೆ ಸಿದ್ಧಳಾಗಿ ಹೋದಳು. ಅಣ್ಣ ಕುರ್ಚಿಯ ಮುರಿದ ಕಾಲೊಂದನ್ನು ಬಿಸಿ ಮಾಡಿ ಅಂಟಿಸುತ್ತಿದ್ದ.

“ಏನೇ ಇಷ್ಟು ದೂರ? ನನ್ನ ಹಲ್ಲು ಕೀಳೋಕಾ?”

“ನಮ್ಮನೆಯಿಂದ ನಿನ್ನ ಕುರ್ಚಿ ತೆಗಿ ಅಣ್ಣ.”

“ಯಾವಾಗ?”

“ಈಗ್ಲೇ.”

“ಈಗ ಗಾಡಿ ಇಲ್ಲ. ನಾಳೆ ಬೆಳಿಗ್ಗೆ ಕಳಿಸ್ತೀನಿ.” ಅವನು ಅಂಟಿಸಿದ ಕಾಲನ್ನು ಅಲ್ಲಾಡಿಸಿ ನೋಡಿದ. “ಹಿಂದುಗಡೆ ಗೋಡೌನ್ ಹಿಡಿದು ಎಷ್ಟೋ ದಿನ ಆಯ್ತು. ನೀನು ಏನೂ ಅನ್ಲಿಲ್ಲ, ಇರ್ಲಿ ಅಂತ ನಾನೂ ಬಿಟ್ಟೆ.”

ಹಲ್ಲಕ್ಕ ಅಂಗಡಿಯ ಹಿಂದಿನ ಗೋಡೌನಿನ ಬಾಗಿಲ ಕಡೆ ನೋಡಿದಳು.

“ಮುಖ ಯಾಕೆ ಹಾಗೆ ಮಾಡ್ತೀಯ? ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಕಚ್ಚಿಬಿಡ್ತಿದ್ನಾ ನಾನು?” ಎಂದು ಅಣ್ಣ ನಕ್ಕ. ಅವನಿಗೆ ಅದು ನಿಜಕ್ಕೂ ತಮಾಷೆಯಾಗಿ ಕಂಡಿತ್ತು.

ಮರುದಿನ ಬೆಳಿಗ್ಗೆ ಗಾಡಿ ಬಂತು. ಗೋಪುರಗಳು ಒಂದೊಂದಾಗಿ ಹೋದವು. ಕಿಟಕಿ ಹೊರಬಂತು. ಹಲ್ಲಕ್ಕ ರಜೆ ಹಾಕಿ ನೆಲ ತೊಳೆದಳು, ಜೇಡರಬಲೆ ಗುಡಿಸಿದಳು, ಇಬ್ಬರಿಗೆ ಹಾಸಿಗೆ ಹಾಸಿದಳು, ಮಗುವಿಗೆಂದು ಕಿಟಕಿಯ ಬಳಿ ಒಂದು ಪುಟ್ಟ ಮೇಜು ಇಟ್ಟಳು. ಆಮೇಲೆ ಲಾಂಡ್ರಿಗೆ ಹೋದಳು.

ಪುಟ್ಟಿ ಕಟ್ಟೆಯ ಆಚೆ ನಿಂತು ಅಂಗಿಯೊಂದರ ಕಾಲರು ತೀಡುತ್ತಿದ್ದಳು. ಆವಿಯ ನಡುವೆ ತುಟಿ ಬಿರಿದಾಗ, ಬೆಳಿಗ್ಗೆ ಡಾಕ್ಟರು ಕೂರಿಸಿದ್ದ ಹೊಸ ಹಲ್ಲು ಕಂಡಿತು. ಚೆನ್ನಾಗಿ ಕೂತಿತ್ತು. ಗೊತ್ತಿಲ್ಲದವರಿಗೆ ಗೊತ್ತಾಗುವಂತಿರಲಿಲ್ಲ.

“ರೂಮು ಖಾಲಿ ಆಯ್ತು ಪುಟ್ಟಿ. ಅಣ್ಣಂಗೆ ಹೇಳ್ದೆ. ಬಾ.”

“ಒಳ್ಳೇದಾಯ್ತಕ್ಕ. ಅಲ್ಲೇ ಮೇಜು ಹಾಕ್ಕೊಂಡು ನಿನ್ನ ಕೆಲಸ ಮಾಡ್ಕೋ. ಬೆಳಕು ಚೆನ್ನಾಗಿದೆ.”

“ನಿನಗೇ ಕಣೆ ಅದು. ಹಾಸಿಗೆ ಹಾಸಿ ಬಂದಿದೀನಿ.”

ಪುಟ್ಟಿ ಅಂಗಿಯನ್ನು ತಿರುವಿ ಹಾಕಿದಳು. “ನನಗೆ ಕೋಪ ಇಲ್ಲ. ಕೇಳೋದು ಬಿಟ್ಟುಹೋಯ್ತು, ಅಷ್ಟೆ.”

“ನೀನು ಕೇಳ್ತಿಲ್ಲ. ನಾನು ಕರೀತಿದೀನಿ.”

“ಇವತ್ತು ಕರೀತೀಯ. ಬಂದ ಮೇಲೆ ದಿನಾ ಏನಾದ್ರೂ ಕೇಳಬೇಕಲ್ಲ. ನೀರು ಕೇಳಬೇಕು, ಸೋಪು ಕೇಳಬೇಕು, ಮಗೂನ ನೋಡ್ಕೋ ಅನ್ನಬೇಕು. ಕೇಳೋಕೆ ಬಾಯಿ ತೆಗೆದ್ರೆ ನಿನ್ನ ಕೈ ಜೇಬಿಗೆ ಹೋಯ್ತಾ ಅಂತ ನೋಡ್ತೀನಿ ನಾನು. ಆಗಲ್ಲಕ್ಕ.”

“ಅಲ್ಲಿ ಹೊಡೀತಾನೆ.”

“ಹೊಡೀತಾನೆ. ಅವನ ಹತ್ರ ನಾನು ಯಾವತ್ತೂ ಏನೂ ಕೇಳಿಲ್ಲ.”

ಹಲ್ಲಕ್ಕನ ಹಿಂದೆ ಯಾರೋ ಬಟ್ಟೆಯ ಗಂಟು ಹೊತ್ತು ಬಂದು ನಿಂತರು. ಅವರ ಹಿಂದೆ ಇನ್ನೊಬ್ಬರು. ಹಲ್ಲಕ್ಕ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಪುಟ್ಟಿ, ನಿನ್ನ ಕಾಲಿಗೆ ಬೀಳ್ತೀನಿ. ಒಂದೇ ಒಂದು ಸಲ ಬಂದು ನೋಡು.”

“ಇಲ್ಲ” ಎಂದಳು ಪುಟ್ಟಿ. ಅಂಗಿಯನ್ನು ಮಡಿಸಿ, ಅಂಚು ಅಂಚಿಗೆ ಕೂಡಿಸಿ, ಪಕ್ಕದ ರಾಶಿಯ ಮೇಲಿಟ್ಟಳು. “ಇಸ್ತ್ರಿಗೆ ಏನಾದ್ರೂ ತಂದಿದ್ರೆ ಕೊಡು. ಇಲ್ದಿದ್ರೆ ಸ್ವಲ್ಪ ಪಕ್ಕಕ್ಕೆ ಸರಿ ಅಕ್ಕ, ಹಿಂದೆ ಜನ ನಿಂತಿದಾರೆ.”

“ಆಯ್ತು” ಎಂದು ಹಲ್ಲಕ್ಕ ಪಕ್ಕಕ್ಕೆ ಸರಿದಳು.